ಎರಡನೇ ಬ್ಯಾರಕ್‌ನ ಇಪ್ಪತ್ತಮೂರು ಸಾಲು

14 ಜೂನ್ 1998

ಅತ್ತಿಗೆಗೆ,

ನಾನು ಕ್ಷೇಮ. ಕಾಲೇಜಿನ ಲ್ಯಾಬಿನಲ್ಲಿರುವ ಇಪ್ಪತ್ತು ಕಂಪ್ಯೂಟರುಗಳಲ್ಲಿ ಹನ್ನೊಂದು ಕ್ಷೇಮ. ಉಳಿದ ಒಂಬತ್ತರ ಆರೋಗ್ಯ ವಿಚಾರಿಸಬೇಡಿ, ಅವುಗಳ ವೈದ್ಯ ನಾನೇ.

ನಿಮ್ಮ ಲೈಬ್ರರಿಯ ಕಂಪ್ಯೂಟರ್ ಬಾಯಿ ಮುಚ್ಚಿಕೊಂಡು ಕೂತಿದೆ ಎಂದು ಅಣ್ಣ ಫೋನಿನಲ್ಲಿ ಹೇಳಿದ. ಅಣ್ಣನ ವರದಿಯನ್ನು ನಂಬುವಂತಿಲ್ಲ. ಊರಿಗೆಲ್ಲ ಕನ್ನಡಕ ಕೂರಿಸುವವನಿಗೆ ಮನೆಯೊಳಗಿನದು ಮಾತ್ರ ಮಸುಕು. ಏನಾಗಿದೆ ಎಂದು ನೀವೇ ಬರೆಯಿರಿ.

ಈ ಕಡೆಯ ಸುದ್ದಿ ಒಂದಿದೆ. ಮೂರು ವಾರ ಅಂಚೆಯಲ್ಲಿ ಅಲೆದು ನನಗೊಂದು ಸೀಡಿ ಬಂದಿದೆ. ಕಳಿಸಿದವರ ಮುಖ ನಾನು ಕಂಡಿಲ್ಲ. ‘ಖಾಲಿ ಸೀಡಿ ಕಳಿಸಿ, ತುಂಬಿಸಿ ವಾಪಸು ಕೊಡುತ್ತೇನೆ’ ಎಂದು ಒಂದು ಪತ್ರಿಕೆಯ ಮೂಲೆಯಲ್ಲಿ ಹಾಕಿದ್ದರು, ಕಳಿಸಿದೆ, ಕೊಟ್ಟರು. ಅದರಲ್ಲಿ ಕಂಪ್ಯೂಟರನ್ನು ಅಡಿಯಿಂದ ಮುಡಿಯವರೆಗೆ ನಡೆಸುವ ಸಾಫ್ಟ್‌ವೇರ್ ಇದೆ. ಜೊತೆಗೆ ಅದನ್ನು ಬರೆದ ಮೂಲ ಸಾಲುಗಳೂ ಇವೆ! ಅಡುಗೆಯ ಜೊತೆ ಅಡುಗೆ ಮಾಡುವ ಕ್ರಮವನ್ನೂ ಬಡಿಸಿದ ಹಾಗೆ.

ಇದರ ಕಥೆ ಕೇಳಿ. ಹದಿನೆಂಟು ವರ್ಷದ ಕೆಳಗೆ ದೂರದ ಒಂದು ವಿಶ್ವವಿದ್ಯಾಲಯದಲ್ಲಿ ಪ್ರಿಂಟರೊಂದು ಪದೇ ಪದೇ ಕಾಗದ ನುಂಗಿ ಕೂರುತ್ತಿತ್ತಂತೆ. ಅಲ್ಲಿದ್ದ ಒಬ್ಬಾತ ಅದರ ಸಾಫ್ಟ್‌ವೇರಿನ ಮೂಲ ಕೊಡಿ, ತಿದ್ದಿಕೊಳ್ಳುತ್ತೇನೆ ಎಂದ. ಇಟ್ಟುಕೊಂಡಿದ್ದವರು ಕೊಡುವುದಿಲ್ಲವೆಂದು ಮಾತು ಕೊಟ್ಟು ಬಂದಿದ್ದೇವೆ ಎಂದರು. ಆ ಸಿಟ್ಟು ಬೆಳೆದು ಒಂದು ಚಳವಳಿಯಾಯಿತು. ಆಮೇಲೆ ಇನ್ನೆಲ್ಲೋ ಒಬ್ಬ ವಿದ್ಯಾರ್ಥಿ ತನ್ನ ಹವ್ಯಾಸಕ್ಕೆ ಬರೆದದ್ದನ್ನು ಎಲ್ಲರ ಮುಂದಿಟ್ಟ. ಎರಡೂ ಸೇರಿ ನನ್ನ ಮೇಜಿಗೆ ಬಂದಿವೆ. ನಿಯಮ ಇಷ್ಟೇ: ಓಡಿಸಬಹುದು, ಒಡೆದು ನೋಡಬಹುದು, ತಿದ್ದಿ ತೀಡಬಹುದು, ಹಂಚಿ ಹರಡಬಹುದು. ಹಂಚುವಾಗ ಮಾತ್ರ ನಿನಗಿದ್ದ ಸ್ವಾತಂತ್ರ್ಯವನ್ನು ಮುಂದಿನವನಿಗೂ ಕೊಡಬೇಕು. ಕೊಟ್ಟು ಕೆಟ್ಟವರಿಲ್ಲ ಎಂಬ ಮಾತಿಗೆ ಲೈಸೆನ್ಸು ಬರೆದಿದ್ದಾರೆ, ಅತ್ತಿಗೆ.

ನಿಮ್ಮ ಮೈದುನ

2 ಜುಲೈ 1998

ಮೈದುನನಿಗೆ,

ಪುಕ್ಕಟೆ ಸಿಕ್ಕಿದ್ದಕ್ಕೆ ಪ್ರವಚನ ಜಾಸ್ತಿ. ಎರಡು ಸಲ ಓದಿದೆ. ನಿನ್ನ ಅಣ್ಣ ಪತ್ರವನ್ನು ಒಂದು ಮೊಳ ದೂರ ಹಿಡಿದು, ‘ಇವನಿಗೆ ಮದುವೆ ಮಾಡ್ಬೇಕಿತ್ತು ಕಣೇ, ತಡ ಆಯ್ತು’ ಎಂದರು.

ನಮ್ಮ ಕಥೆ ಕೇಳು. ಎಂಟು ವರ್ಷದ ಹಿಂದೆ ಕಂಪ್ಯೂಟರ್ ಬಂತಲ್ಲ, ಜೊತೆಗೆ ಒಂದು ಅಂಗಡಿಯವರು ಲೈಬ್ರರಿ ಪ್ರೋಗ್ರಾಮ್ ಹಾಕಿ ಕೊಟ್ಟಿದ್ದರು. ಪ್ರತಿ ವರ್ಷ ಹೊಸ ಗುಟ್ಟಿನ ಪದ ಒತ್ತಿದರೆ ಮಾತ್ರ ತೆರೆಯುತ್ತದೆ, ಪದ ಅವರೇ ಹೇಳಬೇಕು. ಈ ವರ್ಷ ಹೇಳುವವರಿಲ್ಲ. ಫೋನು ಸತ್ತಿದೆ. ಖುದ್ದಾಗಿ ಹೋದೆ. ಅಂಗಡಿಯಿದ್ದ ಜಾಗದಲ್ಲಿ ಹಾಸಿಗೆ ಮಾರುತ್ತಿದ್ದಾರೆ.

‘ಇಲ್ಲಿ ಸಾಫ್ಟ್‌ವೇರ್ ಇತ್ತಲ್ಲಪ್ಪ?’

‘ಸಾಫ್ಟ್ ಇದೆ ಅಮ್ಮ, ಒತ್ತಿ ನೋಡಿ.’

ಒತ್ತಿ ನೋಡಿ ಬಂದೆ. ಒಂಬತ್ತು ಸಾವಿರ ಪುಸ್ತಕಗಳ ಪಟ್ಟಿ ಅದರೊಳಗಿದೆ. ನಾನೂ ನಮ್ಮ ಬೈಂಡರ್ ಅಮ್ಮನೂ ಹದಿನಾಲ್ಕು ತಿಂಗಳು ಕೂತು ಒಂದೊಂದಾಗಿ ಒತ್ತಿದ್ದು. ಬೀರು ನಮ್ಮದು, ಒಳಗಿನ ಬಟ್ಟೆ ನಮ್ಮದು, ಬೀಗದ ಕೈ ಮಾತ್ರ ಯಾರದೋ ಜೇಬಿನಲ್ಲಿದೆ. ಈಗ ಹಳೆಯ ಕಾರ್ಡುಗಳ ಡ್ರಾಯರನ್ನು ಮತ್ತೆ ಎಳೆದಿದ್ದೇನೆ. ಅದರೊಳಗೆ ಇಲಿ ಸಂಸಾರ ಹೂಡಿದೆ, ‘ಮ’ದಿಂದ ‘ಲ’ದವರೆಗಿನ ಲೇಖಕರು ಬಾಣಂತನಕ್ಕೆ ಹೋದರು.

ನಾನು ಗ್ರಂಥಪಾಲಕಿ, ಕ್ರಾಂತಿಕಾರಿಯಲ್ಲ. ನಿನ್ನ ಸ್ವಾತಂತ್ರ್ಯ ನನ್ನ ಮೇಜಿನ ಮೇಲೆ ಓಡುತ್ತದೋ ಇಲ್ಲವೋ, ಅದನ್ನು ಹೇಳು.

ಅತ್ತಿಗೆ

9 ಮಾರ್ಚ್ 1999

ಮೈದುನನಿಗೆ,

ನಮಗೆಂದು ನೀನೇ ಬರೆದು ‘ಕಪಾಟು’ ಎಂದು ಹೆಸರಿಟ್ಟ ಲೈಬ್ರರಿ ಪ್ರೋಗ್ರಾಮ್ ತಲುಪಿತು, ಓಡಿತು, ಬಿತ್ತು, ಎದ್ದಿತು. ಮೊದಲನೆಯದರಿಂದ ಶುರು ಮಾಡುತ್ತೇನೆ.

ನೀನು ಕಳಿಸಿದ ಮೊದಲ ಎರಡು ಫ್ಲಾಪಿಗಳು ಯಾಕೆ ಸತ್ತಿದ್ದವು ಎಂದು ಈಗ ಗೊತ್ತಾಯಿತು. ಅಂಚೆ ಕಚೇರಿಯಲ್ಲಿ ನಿಂತು ಕಣ್ಣಾರೆ ಕಂಡೆ. ಮುದ್ರೆ ಹೊಡೆಯುವವರು ಲಕೋಟೆಯ ಮೇಲೆ ಕೈ ಎತ್ತಿ ಕುಟ್ಟುತ್ತಾರೆ. ‘ಒಳಗೆ ನಾಜೂಕಿನ ವಸ್ತು ಇದೆ ಅಂತ ಬರ್ದಿದೆಯಲ್ಲ?’ ಎಂದೆ. ‘ಅದಕ್ಕೇ ಅಮ್ಮ, ಆ ಅಕ್ಷರದ ಮೇಲೇ ಸರಿಯಾಗಿ ಹೊಡ್ದಿದೀನಿ’ ಎಂದರು. ಮೂರನೆಯದನ್ನು ನೀನು ಸಾಬೂನಿನ ತಗಡಿನ ಡಬ್ಬದಲ್ಲಿಟ್ಟು ಕಳಿಸಿದ್ದು ಒಳ್ಳೆಯದಾಯಿತು. ಡಬ್ಬಕ್ಕೆ ಗುಳಿ ಬಿದ್ದಿದೆ, ಫ್ಲಾಪಿಗೆ ಸುವಾಸನೆ ಬಂದಿದೆ.

ಗರಗರ ಎಂದು ಸದ್ದು ಮಾಡಿ, ಹಸಿರು ಅಕ್ಷರದಲ್ಲಿ ‘ಕಪಾಟು ತೆರೆದಿದೆ’ ಎಂದು ಬಂದಾಗ ಬೈಂಡರ್ ಅಮ್ಮ ಕೈ ಒರೆಸಿಕೊಂಡು ನೋಡಿದರು. ‘ಇದಕ್ಕೆ ವರ್ಷ ವರ್ಷ ಗುಟ್ಟು ಹೇಳ್ಬೇಕಾ?’ ಬೇಡ ಎಂದೆ. ‘ಹಾಗಾದ್ರೆ ಮನೆಯವರ ಥರ’ ಎಂದರು.

ಬಿದ್ದದ್ದು ಎಲ್ಲಿ ಗೊತ್ತೇ? ಒಂದು ಪುಸ್ತಕದ ಎರಡನೇ ಸಂಪುಟ ಹೊರಗೆ ಹೋಗಿದ್ದರೆ ಮೊದಲನೆಯದನ್ನೂ ಕೊಡುವುದಿಲ್ಲ ಎನ್ನುತ್ತದೆ. ನಿನಗೆ ಬರೆದು ಉತ್ತರಕ್ಕೆ ಕಾಯುವ ಬದಲು ನೀನು ಕೊಟ್ಟ ಮೂಲವನ್ನೇ ತೆರೆದು ಕೂತೆ. ಹನ್ನೊಂದು ದಿನ ಹಿಡಿಯಿತು. ಏಳು ಸಾಲು ಬರೆದೆ. ಓಡುತ್ತಿದೆ. ಫ್ಲಾಪಿ ಇಟ್ಟಿದ್ದೇನೆ, ಅದೇ ಡಬ್ಬದಲ್ಲಿ. ಅನುಮತಿ ಕೇಳದೆ ಕೈ ಹಾಕಿದೆ, ತಪ್ಪೇ?

ಅತ್ತಿಗೆ

27 ಮಾರ್ಚ್ 1999

ಅತ್ತಿಗೆಗೆ,

ತಪ್ಪೇ ಎನ್ನುತ್ತೀರಾ? ಸೀಡಿ ಬಂದ ದಿನ ಕೂಡ ನನಗೆ ಇಷ್ಟು ಖುಷಿಯಾಗಿರಲಿಲ್ಲ. ಇದಕ್ಕೆ ಅವರು ಪ್ಯಾಚ್ ಎನ್ನುತ್ತಾರೆ, ನಾವು ತೇಪೆ ಎನ್ನೋಣ. ಹರಿದಲ್ಲಿ ಹೊಲಿದವರ ಹೆಸರು ಅಂಗಿಯ ಜೊತೆ ಇರಬೇಕು. ಆದ್ದರಿಂದ ಕಪಾಟಿನಲ್ಲಿ ‘ಕೈ ಹಾಕಿದವರು’ ಎಂದು ಒಂದು ಪಟ್ಟಿ ತೆರೆದಿದ್ದೇನೆ. ಮೊದಲ ಹೆಸರು: ಅತ್ತಿಗೆ.

ಒಂದು ನಿಯಮವನ್ನೂ ಮಾಡಿದ್ದೇನೆ. ಬೇರೆ ಕೆಲವರು ತೇಪೆ ಕಳಿಸಿದವರಿಂದ ‘ಇದರ ಹಕ್ಕೆಲ್ಲ ನಿಮಗೆ ಬಿಟ್ಟಿದ್ದೇನೆ’ ಎಂದು ಕಾಗದ ಬರೆಸಿಕೊಳ್ಳುತ್ತಾರಂತೆ. ನನಗೆ ಅದು ಬೇಡ. ಯಾರ ಸಾಲು ಅವರದೇ. ಕಾಗದ ಇಲ್ಲ, ಸಹಿ ಇಲ್ಲ, ಯಜಮಾನ ಇಲ್ಲ. ಈ ಮನೆಗೆ ಬಂದವರೆಲ್ಲ ಪಾಲುದಾರರು, ಬಾಗಿಲು ಹಾಕಬೇಕಾದರೆ ಎಲ್ಲರೂ ಒಪ್ಪಬೇಕು. ಎಲ್ಲರೂ ಒಪ್ಪುವುದು ಯಾವ ಮನೆಯಲ್ಲಿ ನಡೆದಿದೆ, ಹೇಳಿ! ಹಾಗಾಗಿ ಬಾಗಿಲು ಹಾಕುವ ಭಯವೇ ಇಲ್ಲ.

ನಿಮ್ಮ ಮೈದುನ

18 ಅಕ್ಟೋಬರ್ 2001

ಮೈದುನನಿಗೆ,

ನೀನು ಬೇಸಗೆಯಲ್ಲಿ ಬಂದು ಹೋದ ಮೇಲೆ ಬರೆಯಲಾಗಲಿಲ್ಲ. ಈ ವಾರ ಬಂದ ಲಕೋಟೆಯೊಂದರ ವಿಷಯ ಬರೆಯದಿದ್ದರೆ ನನಗೆ ನಿದ್ದೆ ಬರುವುದಿಲ್ಲ.

ಕಪಾಟು ಊರೂರಿಗೆ ಹಂಚಿಹೋದ ಮೇಲೆ ಅದರ ತೇಪೆಗಳು ನನ್ನ ವಿಳಾಸಕ್ಕೂ ಬರುತ್ತಿವೆಯಲ್ಲ. ಗಡಿಯಾರ ರಿಪೇರಿಯವರೊಬ್ಬರು ಅಧಿಕ ವರ್ಷದ ಫೆಬ್ರವರಿ ಸರಿಮಾಡಿ ಕಳಿಸಿದ್ದು ನಿನಗೆ ಗೊತ್ತು. ಹಡಗಿನ ರೇಡಿಯೋದವರು ಅಕ್ಷರ ದೊಡ್ಡದಾಗಿ ಕಾಣುವಂತೆ ಮಾಡಿದ್ದೂ ಗೊತ್ತು. ಈ ಸಲ ಬಂದಿರುವುದು ಜೈಲಿನಿಂದ. ಫ್ಲಾಪಿಯಲ್ಲ. ಗೆರೆ ಹಾಕಿದ ನೋಟ್‌ಬುಕ್ಕಿನ ಎರಡು ಹಾಳೆಯಲ್ಲಿ ಇಪ್ಪತ್ತಮೂರು ಸಾಲು ಪ್ರೋಗ್ರಾಮನ್ನು ಕೈಯಲ್ಲೇ ಬರೆದಿದ್ದಾರೆ. ಮುತ್ತು ಪೋಣಿಸಿದ ಹಾಗೆ ಅಕ್ಷರ. ಎರಡೂ ಹಾಳೆಯ ಮೇಲೆ ‘ಪರಿಶೀಲಿಸಲಾಗಿದೆ’ ಎಂಬ ನೇರಳೆ ಮುದ್ರೆ.

ಜೊತೆಗೆ ಅಲ್ಲಿನ ಮೇಷ್ಟ್ರು ಬರೆದಿದ್ದಾರೆ. ಜೈಲಿನ ಲೈಬ್ರರಿಗೆ ಯಾರೋ ಹಳೆಯ ಕಂಪ್ಯೂಟರ್ ಕೊಟ್ಟಿದ್ದರು, ಇವರು ಕಪಾಟು ಹಾಕಿದರು, ಖೈದಿಯೊಬ್ಬರು ಮೂಲ ಓದಿ ಓದಿ ತಾವೇ ಕಲಿತರು. ಫ್ಲಾಪಿ ಹೊರಗೆ ಕಳಿಸುವ ಹಾಗಿಲ್ಲ, ಪತ್ರ ಕಳಿಸಬಹುದು. ಆದರೆ ಪತ್ರ ಓದಿ ನೋಡುವ ಅಧಿಕಾರಿ ತಡೆದರು:

‘ಏನ್ರೀ ಮೇಷ್ಟ್ರೇ ಇದು, ಅರ್ಧ ಆವರಣ ಚಿಹ್ನೆ, ಅರ್ಧ ಅಂಕಿ? ಗುಪ್ತ ಭಾಷೇನಾ?’

‘ಕಂಪ್ಯೂಟರ್ ಭಾಷೆ ಸಾರ್. ಪುಸ್ತಕ ಕೊಡೋದಕ್ಕೆ.’

‘ಯಾರಿಗೆ ಕೊಡೋದು?’

‘ಬೇಗ ಹೊರಗೆ ಹೋಗೋರಿಗೆ ಸಾರ್, ಮೊದಲು.’

‘ನೋಡಿದ್ರಾ! ಹೊರಗೆ ಹೋಗೋ ಪ್ಲಾನು ಅಂತ ನಿಮ್ಮ ಬಾಯಲ್ಲೇ ಬಂತು!’

ಮೇಷ್ಟ್ರು ಎರಡು ಗಂಟೆ ವಿವರಿಸಿದರಂತೆ. ಕೊನೆಗೆ ಅಧಿಕಾರಿಯನ್ನೇ ಕಂಪ್ಯೂಟರ್ ಮುಂದೆ ಕೂರಿಸಿ ಒಂದು ಪತ್ತೇದಾರಿ ಕಾದಂಬರಿಗೆ ಸರದಿ ಹಾಕಿಸಿದ ಮೇಲೆ ಮುದ್ರೆ ಬಿತ್ತು.

ಸಾಲುಗಳು ಮಾಡುವ ಕೆಲಸ ಇದು. ಒಂದು ಪುಸ್ತಕಕ್ಕೆ ಹತ್ತು ಜನ ಕಾದಿದ್ದರೆ ಕಪಾಟು ಮೊದಲು ಕೇಳಿದವರಿಗೆ ಮೊದಲು ಕೊಡುತ್ತದೆ. ಆದರೆ ಎಂಟನೆಯವರು ಮುಂದಿನ ತಿಂಗಳು ಬಿಡುಗಡೆಯಾಗುವವರಿದ್ದರೆ? ಅವರ ಸರದಿ ಬರುವಷ್ಟರಲ್ಲಿ ಅವರೇ ಇರುವುದಿಲ್ಲ. ಅಂಥವರನ್ನು ಮುಂದಕ್ಕೆ ಕಳಿಸಿ, ಉಳಿದವರಿಗೆ ಅನ್ಯಾಯವಾಗದಂತೆ ದಿನ ಹೊಂದಿಸುವ ಲೆಕ್ಕ. ನಾನು ಇಡೀ ಮಧ್ಯಾಹ್ನ ಒಂದೊಂದು ಅಕ್ಷರ ನೋಡಿ ಒತ್ತಿದೆ. ಮೊದಲ ಸಲಕ್ಕೇ ಓಡಿತು. ನಿನ್ನದೂ ನನ್ನದೂ ಯಾವತ್ತಾದರೂ ಹಾಗೆ ಓಡಿದೆಯೇ?

ಹೆಸರು ಬರೆಯುವಂತಿಲ್ಲವಂತೆ. ಕೆಳಗೆ ‘ಎರಡನೇ ಬ್ಯಾರಕ್’ ಎಂದಷ್ಟೇ ಇದೆ. ಪಟ್ಟಿಗೆ ಹಾಗೆಯೇ ಸೇರಿಸು.

ಈ ಚಳವಳಿಯಲ್ಲಿ ಈಗ ಎರಡು ಪಂಗಡವಂತೆ, ‘ಸ್ವತಂತ್ರ’ ಎನ್ನಬೇಕು ಎನ್ನುವವರು, ‘ಮುಕ್ತ’ ಎಂದರೆ ಸಾಕು ಎನ್ನುವವರು. ಅಳಿಯ ಅಲ್ಲ ಮಗಳ ಗಂಡ ಎಂದುಕೊಂಡಿದ್ದೆ. ಆ ಎರಡು ಹಾಳೆ ನೋಡಿದ ಮೇಲೆ ವ್ಯತ್ಯಾಸ ಸ್ವಲ್ಪ ತಿಳಿಯಿತು.

ಅತ್ತಿಗೆ

6 ನವೆಂಬರ್ 2001

ಅತ್ತಿಗೆಗೆ,

ಸೇರಿಸಿದೆ. ಇನ್ನು ಕಪಾಟು ಹೋದಲ್ಲೆಲ್ಲ ಎರಡನೇ ಬ್ಯಾರಕ್ ಹೋಗುತ್ತದೆ. ಆ ಎರಡು ಹಾಳೆಯನ್ನು ಜೋಪಾನವಾಗಿಡಿ. ನಾನು ಇಷ್ಟು ದಿನ ‘ಒಡೆದು ನೋಡಬಹುದು, ತಿದ್ದಿ ತೀಡಬಹುದು’ ಎಂದು ಪ್ರಾಸ ಹಾಡುತ್ತಿದ್ದೆ. ನಿಜವಾಗಿ ಓದಿದವರು ಅವರು.

ನಿಮ್ಮ ಮೈದುನ

5 ಮೇ 2004

ಮೈದುನನಿಗೆ,

ಬೇಸಗೆಗೆ ಬರುತ್ತೀಯೋ ಇಲ್ಲವೋ? ನಿನ್ನ ಅಣ್ಣ ಕೇಳುವುದಿಲ್ಲ, ಆದರೆ ಮೇಲಿನ ಕೋಣೆಯ ಕಿಟಕಿಗೆ ಹೊಸ ಚಿಲಕ ಹಾಕಿಸಿದ್ದಾರೆ.

ಆಸ್ಪತ್ರೆಯ ನರ್ಸಮ್ಮ ಒಬ್ಬರಿಗೆ ಬೇರೆ ಊರಿಗೆ ವರ್ಗವಾಯಿತು, ಒಂದೇ ವಾರ ಬಾಕಿ. ಅವರು ಒಂದು ದಪ್ಪ ಕಾದಂಬರಿಗೆ ಆರನೇ ಸರದಿಯಲ್ಲಿದ್ದರು. ಹೊರಡುವ ತಾರೀಕು ಒತ್ತಿದ್ದೇ ತಡ, ಕಪಾಟು ತಾನಾಗಿ ಅವರನ್ನು ಮುಂದೆ ತಂದಿತು. ಐದು ದಿನದಲ್ಲಿ ಓದಿ, ಹಿಂದಿರುಗಿಸಿ, ‘ಯಾರ ಪುಣ್ಯಾನೋ’ ಎಂದು ಹೋದರು. ಯಾರದೆಂದು ನಾನು ಹೇಳಲಿಲ್ಲ. ಹೇಳಿದರೆ ಪುಸ್ತಕಕ್ಕಿಂತ ದೊಡ್ಡ ಕಥೆಯಾಗುತ್ತಿತ್ತು.

ಈಗೆಲ್ಲ ಇಮೇಲ್ ಬಂದಿದೆ, ನಾವಿಬ್ಬರೂ ಪತ್ರ ಬರೆಯುತ್ತೇವೆಂದು ಇಲ್ಲಿ ಎಲ್ಲರೂ ನಗುತ್ತಾರೆ. ನಗಲಿ. ಸಾಬೂನಿನ ಡಬ್ಬ ಇಮೇಲಿನಲ್ಲಿ ಬರುವುದಿಲ್ಲ.

ಅತ್ತಿಗೆ

19 ಆಗಸ್ಟ್ 2004

ಅತ್ತಿಗೆಗೆ,

ಎಲ್ಲ ಕ್ಷೇಮ. ಲ್ಯಾಬನ್ನು ಹೊಸದು ಮಾಡುತ್ತಿದ್ದಾರೆ, ಹೊರಗಿನ ಕಂಪನಿಗೆ ವಹಿಸಿದ್ದಾರೆ. ಕೈಬಿಡುವಿಲ್ಲ. ಈ ವರ್ಷ ಬರಲಾಗುವುದಿಲ್ಲ. ಅಣ್ಣನಿಗೆ ಹೇಳಿ.

ಮೈದುನ

11 ಜನವರಿ 2006

ಅತ್ತಿಗೆಗೆ,

ನೇರವಾಗಿ ವಿಷಯಕ್ಕೆ ಬರುತ್ತೇನೆ. ಲೈಬ್ರರಿಗಳಿಗೆ ಸಾಫ್ಟ್‌ವೇರ್ ಮಾರುವ ಒಂದು ಕಂಪನಿಯವರು ಕಪಾಟನ್ನು ಕೊಳ್ಳಲು ಬಂದಿದ್ದಾರೆ. ಮುಂದಿನ ಆವೃತ್ತಿಯಿಂದ ಅದು ಅವರದಾಗುತ್ತದೆ, ಮೂಲವನ್ನು ಹಂಚುವುದಿಲ್ಲ. ಈಗ ಜನರ ಬಳಿ ಇರುವುದು ಹಾಗೆಯೇ ಇರುತ್ತದೆ, ಅದನ್ನು ಯಾರೂ ಕಿತ್ತುಕೊಳ್ಳಲಾರರು. ನನ್ನನ್ನು ಅದರ ಉಸ್ತುವಾರಿಗೆ ನೇಮಿಸಿಕೊಳ್ಳುತ್ತಾರೆ. ಒಳ್ಳೆಯ ಕೆಲಸ.

ಒಂದೇ ತೊಡಕು, ಅದೂ ನಾನೇ ಮಾಡಿಟ್ಟದ್ದು. ಯಾರ ಸಾಲು ಅವರದೇ ಎಂದು ನಿಯಮ ಮಾಡಿದ್ದೆನಲ್ಲ. ಹಾಗಾಗಿ ಕೈ ಹಾಕಿದ ಹದಿನೆಂಟು ಜನರೂ ಒಪ್ಪಿಗೆಯ ಹಾಳೆಗೆ ಸಹಿ ಮಾಡಬೇಕು. ಹದಿನಾರು ಬಂದಿವೆ. ಗಡಿಯಾರದವರು ತೀರಿಕೊಂಡಿದ್ದಾರೆ, ಅವರ ಮಗಳು ಹಾಕಿದರು. ಉಳಿದಿರುವುದು ನೀವು ಮತ್ತು ಎರಡನೇ ಬ್ಯಾರಕ್.

ನಿಮ್ಮ ಹಾಳೆ ಇಟ್ಟಿದ್ದೇನೆ. ದಯವಿಟ್ಟು ಸಹಿ ಮಾಡಿ ಕಳಿಸಿ. ಬ್ಯಾರಕ್‌ನವರು ಸಿಗದಿದ್ದರೆ ಆ ಇಪ್ಪತ್ತಮೂರು ಸಾಲನ್ನು ತೆಗೆದು ಬೇರೆ ಬರೆಯಬಹುದು.

ಮೈದುನ

30 ಜನವರಿ 2006

ಮಾನ್ಯರೇ,

ತಮ್ಮ ಪತ್ರ ತಲುಪಿತು. ಉಸ್ತುವಾರಿಯ ಕೆಲಸ ಸಿಗುತ್ತಿರುವುದಕ್ಕೆ ಅಭಿನಂದನೆಗಳು. ಹೊಳೆ ದಾಟಿದವರಿಗೆ ಅಂಬಿಗನ ಹಂಗಿಲ್ಲ ಎಂಬುದನ್ನು ಪುಸ್ತಕದಲ್ಲಿ ಓದಿದ್ದೆ. ಮನೆಯವರ ಕೈಬರಹದಲ್ಲಿ ಓದುವುದು ಇದೇ ಮೊದಲು.

ಎರಡು ವರ್ಷದಿಂದ ತಾವು ಯಾಕೆ ಈ ಕಡೆ ಮುಖ ಹಾಕಲಿಲ್ಲ ಎಂದು ಈಗ ಅರ್ಥವಾಯಿತು. ದೊಡ್ಡವರ ಜೊತೆ ಮಾತುಕತೆ ನಡೆದಿರುವಾಗ ನಮ್ಮ ಮೇಲಿನ ಕೋಣೆ ಚಿಕ್ಕದಾಗುತ್ತದೆ.

ಬೀಗದ ಕೈ ಯಾರದೋ ಜೇಬಿನಲ್ಲಿದ್ದರೆ ಹೇಗಿರುತ್ತದೆ ಎಂದು ನನಗೆ ಗೊತ್ತು. ಆ ಜೇಬು ತಮ್ಮದಾದ ಮಾತ್ರಕ್ಕೆ ನನಗೆ ಸಮಾಧಾನವಾಗುವುದಿಲ್ಲ. ಆ ಇಪ್ಪತ್ತಮೂರು ಸಾಲನ್ನು ತೆಗೆಯುವ ಮಾತಂತೂ ಬೇಡ. ಬರೆದವರನ್ನು ಹುಡುಕಿ, ಎದುರಿಗೆ ಕೂತು, ಕೇಳಿ. ಅವರು ಸಹಿ ಹಾಕಿದರೆ ನಾನೂ ಹಾಕುತ್ತೇನೆ. ಅಲ್ಲಿಯವರೆಗೆ ಈ ಹಾಳೆ ನನ್ನ ಡ್ರಾಯರಿನಲ್ಲಿರುತ್ತದೆ.

ಗ್ರಂಥಪಾಲಕಿ

22 ಏಪ್ರಿಲ್ 2006

ಅತ್ತಿಗೆಗೆ,

ಹುಡುಕಿದೆ. ಜೈಲಿನ ಮೇಷ್ಟ್ರು ನಿವೃತ್ತರಾಗಿ ಮಗಳ ಮನೆಯಲ್ಲಿದ್ದಾರೆ. ‘ಬಿಟ್ಟು ಎರಡು ವರ್ಷ ಆಯ್ತು, ಮೋಟಾರ್ ಸುತ್ತೋ ಅಂಗಡಿ ಇಟ್ಕೊಂಡಿದ್ದಾನೆ’ ಎಂದು ವಿಳಾಸ ಕೊಟ್ಟರು. ಎರಡು ಬಸ್ಸು ಬದಲಿಸಿ ಹೋದೆ.

ತರಕಾರಿ ಮಾರುಕಟ್ಟೆಯ ಹಿಂದಿನ ಓಣಿ. ಅಗಲ ಕಡಿಮೆ, ಉದ್ದ ಜಾಸ್ತಿ ಇರುವ ಅಂಗಡಿ, ಗೋಡೆಯ ಮೊಳೆಗಳಿಗೆ ತಾಮ್ರದ ತಂತಿಯ ಸುರುಳಿಗಳು, ಅರಗಿನ ವಾಸನೆ. ಐವತ್ತು ದಾಟಿದ ಸಣಕಲು ಮನುಷ್ಯ ಒಂದು ಫ್ಯಾನಿನ ಹೊಟ್ಟೆಗೆ ತಂತಿ ಸುತ್ತುತ್ತಿದ್ದರು. ಬಾಯಲ್ಲಿ ಸುತ್ತು ಎಣಿಸುತ್ತಿದ್ದರು, ಮುಗಿಯುವವರೆಗೆ ತಲೆ ಎತ್ತಲಿಲ್ಲ. ಕಪಾಟಿನವನು ಎಂದೆ.

‘ಇನ್ನೂ ಓಡ್ತಾ ಇದೆಯಾ ಸಾರ್ ಅದು?’

‘ನೂರಾ ನಲವತ್ತು ಲೈಬ್ರರೀಲಿ ಓಡ್ತಿದೆ.’

ಅವರು ಕೈಯಲ್ಲಿದ್ದದ್ದನ್ನು ಕೆಳಗಿಟ್ಟರು. ‘ನಾನು ಒಂಬತ್ತು ವರ್ಷ ಒಂದು ಗೋಡೆಯಿಂದ ಇನ್ನೊಂದು ಗೋಡೆಗೆ ನಡೆದೆ. ಅದು ಅಷ್ಟೊಂದು ಊರು ಸುತ್ತಿತಾ! ಭಾರಿ ಇದೆ ಬಿಡಿ.’ ಆಮೇಲೆ ಪಕ್ಕದ ಅಂಗಡಿಯವರನ್ನು ಕೂಗಿದರು. ‘ಅಣ್ಣಾ, ಎರಡು ಕಾಫಿ ಹೇಳು. ನೆಂಟರು ಬಂದವ್ರೆ.’

ಕಾಫಿ ಕುಡಿದ ಮೇಲೆ ಹಾಳೆ ಕೊಟ್ಟೆ. ಕನ್ನಡಕ ಹುಡುಕಿ ಹಾಕಿಕೊಂಡು ಎರಡು ಸಲ ಓದಿದರು.

‘ಇದಕ್ಕೆ ಸಹಿ ಹಾಕಿದ್ರೆ ಏನಾಗುತ್ತೆ?’

‘ಇನ್ನು ಮುಂದೆ ಕಂಪನಿಯದು. ಒಳಗೆ ಏನಿದೆ ಅಂತ ಬೇರೆಯವರು ನೋಡೋ ಹಾಗಿಲ್ಲ.’

‘ನಾನು ಒಳಗಿದ್ದಾಗ ಅದು ಹೊರಗೆ ಓಡಾಡ್ತಿತ್ತು ಸಾರ್. ಈಗ ನಾನು ಹೊರಗೆ ಬಂದಿದೀನಿ. ಅದನ್ನ ಒಳಗೆ ಹಾಕ್ಬೇಕಾ?’

ಹಾಳೆ ವಾಪಸು ಪಡೆಯಲು ಕೈ ಚಾಚಿದೆ. ಅವರು ಕೊಡಲಿಲ್ಲ, ನನ್ನ ಅಂಗಿಯನ್ನು ನೋಡುತ್ತಿದ್ದರು.

‘ಕೆಲಸ ಹೋಗಿ ಎಷ್ಟು ದಿನ ಆಯ್ತು?’

‘ನಿಮಗೆ ಯಾರು ಹೇಳಿದ್ರು?’

‘ಇಸ್ತ್ರಿ ಹೇಳ್ತು. ಕೆಲಸ ಇರೋನು ಎರಡು ಬಸ್ಸು ಹತ್ತಿ ಇಷ್ಟು ಗರಿಗರಿಯಾಗಿ ಬರಲ್ಲ. ಹೊರಗೆ ಬಂದ ಹೊಸದ್ರಲ್ಲಿ ನಾನೂ ಹೀಗೇ ಇಸ್ತ್ರಿ ಹಾಕ್ಕೊಂಡು ಅಂಗಡಿ ಅಂಗಡಿ ಸುತ್ತಿದೀನಿ.’

ಅತ್ತಿಗೆ, ಅವರಿಗೆ ಹೇಳಿದ್ದನ್ನು ನಿಮಗೆ ಹೇಳದಿದ್ದರೆ ಹೇಗೆ? ಲ್ಯಾಬನ್ನು ಹೊರಗಿನ ಕಂಪನಿಗೆ ವಹಿಸಿದ ದಿನವೇ ನನ್ನನ್ನು ಕಳಿಸಿದರು. 2004ರ ಜೂನ್. ನಿಮಗೆ ‘ಕೈಬಿಡುವಿಲ್ಲ’ ಎಂದು ಬರೆದದ್ದು ಉದ್ಯಾನದ ಬೆಂಚಿನ ಮೇಲೆ ಕೂತು. ಬಂದರೆ ಅಣ್ಣ ಕೇಳುತ್ತಾನೆ, ಕೇಳದಿದ್ದರೆ ನೀವು ಮುಖ ನೋಡುತ್ತೀರಿ. ಅದಕ್ಕೇ ಬರಲಿಲ್ಲ.

ಅವರು ಪೆನ್ನು ತೆಗೆದುಕೊಂಡು ಸಹಿ ಹಾಕಿದರು. ‘ಯೋಚನೆ ಮಾಡಿ ಹಾಕಿ’ ಎಂದು ನಾನೇ ತಡೆದೆ.

‘ಯೋಚನೆ ಮಾಡ್ದೆ. ಇಷ್ಟ ಇಲ್ಲ. ಆದ್ರೂ ಹಾಕ್ದೆ. ನಾನು ಬರ್ದಿದ್ದೇ ಅದಲ್ವಾ ಸಾರ್, ಅವಸರ ಇರೋನು ಹಿಂದಿದ್ರೆ ಮುಂದಕ್ಕೆ ಬಿಡ್ಬೇಕು ಅಂತ. ಈಗ ಅವಸರ ಇರೋದು ನಿಮಗೆ.’

ಹಾಳೆ ನನ್ನ ಹತ್ತಿರವಿದೆ. ನಿಮ್ಮ ಷರತ್ತು ಈಡೇರಿದೆ. ಸಹಿ ಹಾಕಿ ಎಂದು ಈ ಸಲ ಕೇಳುವುದಿಲ್ಲ.

ಮೈದುನ

3 ಮೇ 2006

ಮೈದುನನಿಗೆ,

ಇದರ ಜೊತೆ ನನ್ನ ಹಾಳೆ ಇದೆ. ಸಹಿ ಹಾಕಿದ್ದೇನೆ, ತಾರೀಕೂ ಬರೆದಿದ್ದೇನೆ.

ಆ ಷರತ್ತು ಹಾಕಿದ್ದು ಅವರು ಸಿಗುವುದಿಲ್ಲ ಎಂಬ ಧೈರ್ಯದ ಮೇಲೆ. ಆಗದ ಕೆಲಸಕ್ಕೆ ಷರತ್ತು ಹಾಕಿ ನ್ಯಾಯವಂತೆ ಅನ್ನಿಸಿಕೊಳ್ಳುವುದು ನನ್ನ ಕೆಟ್ಟ ಬುದ್ಧಿ. ‘ಕೈಬಿಡುವಿಲ್ಲ’ ಎಂಬ ನಿನ್ನ ನಾಲ್ಕು ಸಾಲಿನ ಪತ್ರ ಬಂದಾಗ ಸೊಕ್ಕು ಎಂದುಕೊಂಡೆ. ಇಪ್ಪತ್ತೈದು ವರ್ಷ ನಿನ್ನನ್ನು ಕಂಡವಳು. ಕೊನೆಗೆ ‘ನಿಮ್ಮ ಮೈದುನ’ ಎನ್ನದೆ ನೀನು ಪತ್ರ ಮುಗಿಸಿದ್ದೇ ಇಲ್ಲ, ಆವತ್ತು ಮುಗಿಸಿದ್ದೆ. ಅಷ್ಟು ಕಾಣಲಿಲ್ಲ ನನಗೆ. ಯಾರೋ ಮೋಟಾರ್ ಸುತ್ತುವವರು ಅಂಗಿ ನೋಡಿ ಓದಿದ್ದನ್ನು ನಾನು ಅಕ್ಷರ ನೋಡಿ ಓದಲಾಗಲಿಲ್ಲ. ಊರಿಗೆ ಪುಸ್ತಕ ಕೊಡುವ ಕೆಲಸ ಬೇರೆ.

ನಿನ್ನ ಪತ್ರವನ್ನು ನಿನ್ನ ಅಣ್ಣನಿಗೆ ಓದಿ ಹೇಳಿದೆ. ತುಂಬ ಹೊತ್ತು ಒಂದೇ ಗಾಜನ್ನು ಒರೆಸುತ್ತಿದ್ದರು. ‘ಉದ್ಯಾನದ ಬೆಂಚಾ? ನಮ್ಮನೇಲಿ ಬೆಂಚಿರ್ಲಿಲ್ವಾ?’ ಎಂದರು.

ಇವತ್ತು ಹಳೆಯ ಫ್ಲಾಪಿಗಳನ್ನೆಲ್ಲ ಹೊರಗೆ ತೆಗೆದೆ. ಅವನ್ನು ಓದುವ ಯಂತ್ರವೇ ಈಗ ನಮ್ಮಲ್ಲಿಲ್ಲ. ಒಂದೊಂದರ ಮೇಲೂ ನಿನ್ನ ಕೈಬರಹದ ಚೀಟಿ: ‘ಕಪಾಟು 1.2, ಈ ಸಲ ಬೀಳಲ್ಲ’, ‘ಕಪಾಟು 1.3, ಹೋದ ಸಲ ಸುಳ್ಳು ಹೇಳಿದ್ದೆ’. ಮೂಗಿನ ಹತ್ತಿರ ಹಿಡಿದರೆ ಇನ್ನೂ ಸಾಬೂನಿನ ವಾಸನೆ ಇದೆ. ಬೈಂಡರ್ ಅಮ್ಮ ಇದ್ದಿದ್ದರೆ ಇಬ್ಬರೂ ಕೂತು ನಗುತ್ತಿದ್ದೆವು. ಅಷ್ಟು ನಿಧಾನವಾಗಿ, ಅಂಚೆಯವರ ಪೆಟ್ಟು ತಿಂದು, ಒಂದು ವಸ್ತು ಬೆಳೆಯುವುದನ್ನು ಇನ್ನು ನಾನು ನೋಡಲಿಕ್ಕಿಲ್ಲ.

ಕೆಲಸ ನಿನ್ನದು, ಹೊಟ್ಟೆ ನಿನ್ನದು, ತೀರ್ಮಾನವೂ ನಿನ್ನದೇ. ಕಂಪನಿಗೆ ಕೊಟ್ಟರೂ ಬಾ, ಕೊಡದಿದ್ದರೂ ಬಾ.

ಅತ್ತಿಗೆ

9 ಜುಲೈ 2006

ಅತ್ತಿಗೆಗೆ,

ಅಕ್ಷರ ಇರುವೆ ಸಾಲಿನ ಹಾಗಿದ್ದರೆ ಕ್ಷಮಿಸಿ. ಒಂದೇ ಹಾಳೆಯಲ್ಲಿ ಮುಗಿಸಬೇಕಾಗಿದೆ.

ಹದಿನೆಂಟು ಹಾಳೆಗಳನ್ನೂ ಒಂದು ಕಡತದಲ್ಲಿಟ್ಟುಕೊಂಡು ಕಂಪನಿಗೆ ಹೋದೆ. ಒಳ್ಳೆಯ ಜನ, ತಣ್ಣನೆಯ ಕೋಣೆ, ಒತ್ತಿದರೆ ಹಿಂದಕ್ಕೆ ವಾಲುವ ಕುರ್ಚಿ. ನನ್ನ ನೇಮಕದ ಪತ್ರವೂ ಮೇಜಿನ ಮೇಲೆ ಸಿದ್ಧವಾಗಿತ್ತು. ಅಧಿಕಾರಿ ಒಂದೊಂದೇ ಸಹಿ ನೋಡಿ ಗುರುತು ಹಾಕಿದರು. ಆಮೇಲೆ ಬಲು ಮೃದುವಾಗಿ ಹೇಳಿದರು:

‘ಇನ್ನು ಆ ಕೈ ಹಾಕಿದವರ ಪಟ್ಟಿ ತೆಗೆದುಬಿಡೋಣ ಸಾರ್. ಗ್ರಾಹಕರು ನೋಡ್ತಾರೆ. ಎರಡನೇ ಬ್ಯಾರಕ್ ಅಂತೆಲ್ಲ ಇದ್ರೆ ಚೆನ್ನಾಗಿರಲ್ಲ.’

‘ಅವರೇ ಬರ್ದಿದ್ದಲ್ವಾ?’

‘ಬರ್ದಿದ್ದು ಹೌದು. ಈಗ ಸಹಿ ಹಾಕಿಬಿಟ್ಟಿದ್ದಾರಲ್ಲ.’

ಅವರು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಹಾಳೆಯಲ್ಲಿ ಇದ್ದದ್ದೇ ಅದು. ನೀರು ಕುಡಿದು ಬರುತ್ತೇನೆ ಎಂದು ಕಡತ ಎತ್ತಿಕೊಂಡು ಎದ್ದೆ. ನೀರು ಕುಡಿದೆ. ಅಲ್ಲಿಂದ ಮೆಟ್ಟಿಲು ಕಾಣಿಸಿತು, ಇಳಿದೆ. ಬಸ್ಸು ಸಿಕ್ಕಿತು, ಹತ್ತಿದೆ. ಇದನ್ನು ತ್ಯಾಗ ಎನ್ನಬೇಡಿ, ಬಸ್ಸಿನಲ್ಲಿ ಜೇಬಿನ ದುಡ್ಡನ್ನು ಎರಡು ಸಲ ಎಣಿಸಿದೆ. ಮರುದಿನ ಫೋನು ಮಾಡಿ ಆಗುವುದಿಲ್ಲ ಎಂದೆ. ನಾವೇ ಬೇರೆ ಬರೆಸಿಕೊಳ್ಳುತ್ತೇವೆ ಎಂದರು. ಬರೆಸಿಕೊಳ್ಳಲಿ, ಅದೂ ಅವರ ಸ್ವಾತಂತ್ರ್ಯ.

ಸಹಿ ಬಳಸಲಿಲ್ಲ ಎಂದು ಹೇಳಲು ಮೋಟಾರ್ ಅಂಗಡಿಗೆ ಹೋದೆ. ಅವರು ಹೊಗಳಲಿಲ್ಲ. ‘ಹಂಗಾದ್ರೆ ಊಟಕ್ಕೇನು ಮಾಡ್ತೀರಿ?’ ಎಂದು ಕೇಳಿ, ಫ್ಯಾನುಗಳನ್ನು ಒಂದು ಕಡೆ ಒತ್ತರಿಸಿ ಅರ್ಧ ಮೇಜು ಬಿಡಿಸಿದರು. ಈಗ ಒಂದು ತಿಂಗಳಿಂದ ಆ ಅರ್ಧದಲ್ಲಿ ಕಂಪ್ಯೂಟರ್ ರಿಪೇರಿ ಮಾಡುತ್ತಿದ್ದೇನೆ. ಕಪಾಟು ಹಾಕಿಕೊಡಿ, ಕೆಟ್ಟರೆ ನೋಡಿಕೊಳ್ಳಿ ಎಂದು ಮೂರು ಲೈಬ್ರರಿಯವರು ಕರೆದಿದ್ದಾರೆ. ನಡೆಯುತ್ತದೋ ಇಲ್ಲವೋ ಗೊತ್ತಿಲ್ಲ. ಅಂಗಿಯ ಇಸ್ತ್ರಿ ಮಾತ್ರ ಹೋಗಿದೆ, ಅರಗಿನ ಕಲೆ ಬಿದ್ದಿದೆ. ಹೋದ ವಾರ ನಾವಿಬ್ಬರೂ ಸೇರಿ ನಾಲ್ಕನೇ ಆವೃತ್ತಿ ಹೊರಗೆ ಬಿಟ್ಟೆವು, ಮೂಲದ ಸಮೇತ. ಪಟ್ಟಿಯಲ್ಲಿ ಈಗಲಾದರೂ ನಿಮ್ಮ ಹೆಸರು ಹಾಕೋಣವೇ ಎಂದೆ. ‘ಬೇಡ ಸಾರ್, ಆ ಹೆಸರಲ್ಲೇ ಅದು ಇಷ್ಟು ಊರು ನೋಡಿರೋದು’ ಎಂದರು.

ಜೈಲಿನ ಲೈಬ್ರರಿಯಲ್ಲಿ ಈಗ ಹೊಸಬರು ಯಾರೋ ಕಲಿಯುತ್ತಿದ್ದಾರಂತೆ, ಕೈಪಿಡಿ ಬೇಕಿತ್ತು. ಕಂಪನಿಯ ಹಾಳೆಗಳು ದಪ್ಪ, ಬಿಳುಪು, ಒಂದೇ ಬದಿ ಮುದ್ರಿಸಿದ್ದವು. ಹಿಂಬದಿ ಪೂರ್ತಿ ಖಾಲಿ. ಒಪ್ಪಿಗೆಗೆಲ್ಲ ಅಡ್ಡಗೆರೆ ಎಳೆದು ಹದಿನೇಳು ಹಾಳೆಯ ಬೆನ್ನಿಗೆ ಪಾಠ ಮುದ್ರಿಸಿ ಕಳಿಸಿದೆ. ನೇರಳೆ ಮುದ್ರೆ ಬಿದ್ದು ಒಳಗೆ ಹೋಯಿತಂತೆ.

ಶನಿವಾರದ ಬಸ್ಸಿಗೆ ಬರುತ್ತಿದ್ದೇನೆ, ಅಣ್ಣನಿಗೆ ಹೇಳಿ.

ಹದಿನೆಂಟನೆಯ ಹಾಳೆ ಮಿಕ್ಕಿತ್ತು, ಅದರ ಬೆನ್ನಿನ ಮೇಲೆ ಈ ಪತ್ರ ಬರೆದೆ. ತಿರುಗಿಸಿ ನೋಡಿ, ನಿಮ್ಮ ಸಹಿ ಇದೆ.

ನಿಮ್ಮ ಮೈದುನ